ಗುರುವಾರದ ಫೋನು

ಸೆನೆಟರ್ ಎಲ್ಡನ್ ಕ್ರೂಗರ್ ಅವರಿಗೆ ಮಾತು ನಿಂತುಹೋದದ್ದು ಸೆನೆಟ್ ಕ್ಯಾಂಟೀನಿನಲ್ಲಿ, ದಿನವೂ ಕುಡಿಯುತ್ತಿದ್ದ ಕಾಳಿನ ಸೂಪಿನ ಮುಂದೆ. ಕೈಯಿಂದ ಚಮಚ ಜಾರಿತು, ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಎದುರಿಗೆ ಕೂತಿದ್ದ ರೊವೀನಾ ಟಾಲ್ಬರ್ಟ್ ಎದ್ದುಹೋಗಿ, ಅವರ ಹಣೆ ಮೇಜಿಗೆ ಬಡಿಯದಂತೆ ಹಿಡಿದುಕೊಂಡಳು. ಲಕ್ವ ಹೊಡೆದಿತ್ತು. ಜೀವಕ್ಕೇನೂ ಭಯವಿಲ್ಲ, ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಡಾಕ್ಟರುಗಳು ಎಲ್ಲ ಊರಲ್ಲೂ ಒಂದೇ, ಎರಡೂ ದಡದ ಮೇಲೆ ಒಂದೊಂದು ಕಾಲಿಟ್ಟುಕೊಂಡೇ ಮಾತಾಡುತ್ತಾರೆ.

ರೊವೀನಾ ಸೆನೆಟರ ಕಚೇರಿಯಲ್ಲಿ ಹೊರದೇಶಗಳ ವ್ಯವಹಾರ ನೋಡಿಕೊಳ್ಳುವವಳು. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಾಗ ಅವಳನ್ನು ಎರಡು ಚಿಂತೆ ಕಿತ್ತು ತಿನ್ನುತ್ತಿದ್ದವು. ಒಂದು ಮುದುಕರದು, ಇನ್ನೊಂದು ಬಾಂಬಿನದು.

ಬಾಂಬಿನ ಸಂಗತಿ ಇಷ್ಟು. ದೇಶದ ಹಳೆಯ ಮಿತ್ರರಾಷ್ಟ್ರವೊಂದು ತನ್ನ ಗಡಿಯಾಚೆ ಯುದ್ಧ ಮಾಡುತ್ತಿತ್ತು. ಯಾವ ರಾಷ್ಟ್ರ ಎಂದು ಕೇಳಬೇಡಿ, ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಪಕ್ಷ ಹಿಡಿಯುತ್ತೀರಿ. ಅದಕ್ಕೆ ಇನ್ನಷ್ಟು ಬಾಂಬು ಬೇಕಿತ್ತು. ಮಾರುವ ಮೊದಲು ಸರ್ಕಾರ ಸಂಸತ್ತಿಗೆ ತಿಳಿಸಬೇಕು ಎಂದು ಕಾನೂನಿದೆ. ಆದರೆ ವಾಷಿಂಗ್ಟನ್ನಿನಲ್ಲಿ ಕಾನೂನಿಗಿಂತ ಮುಂಚೆ ಒಂದು ಪದ್ಧತಿಯಿದೆ. ಕಡತ ಕಳಿಸುವ ಮೊದಲು ವಿದೇಶಾಂಗ ಇಲಾಖೆಯವರು ಸೆನೆಟಿನ ಹೊರದೇಶ ವ್ಯವಹಾರಗಳ ಸಮಿತಿಯ ಹಿರಿಯ ಸದಸ್ಯರನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ, ಕಳಿಸೋಣವೇ ಎಂದು. ಅವರು ತಡೆಯಿರಿ ಎಂದರೆ ತಡೆಯುತ್ತಾರೆ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮದುವೆಮನೆಯಲ್ಲಿ ಹಿರಿಯರು ಎಲೆ ಮುಂದೆ ಕೂರುವ ತನಕ ಯಾರೂ ಅನ್ನಕ್ಕೆ ಕೈ ಹಾಕುವುದಿಲ್ಲವಲ್ಲ, ಅಷ್ಟೇ ಮರ್ಯಾದೆಯ ಮಾತು. ಆ ಮರ್ಯಾದೆಯ ಮೇಲೆ ವಿಮಾನಗಟ್ಟಲೆ ಸಿಡಿಮದ್ದು ನಿಂತಿರುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಅದಕ್ಕಿಂತ ಹೆಚ್ಚಿನ ವಿಚಿತ್ರವೆಂದರೆ, ಹಿರಿಯರು ಖುದ್ದಾಗಿ ಏನನ್ನೂ ಹೇಳುವುದಿಲ್ಲ. ಅವರ ಕಚೇರಿಯವರು ಫೋನಿನಲ್ಲಿ ಹೇಳುತ್ತಾರೆ. ಸಹಿಯಿಲ್ಲ, ಮೊಹರಿಲ್ಲ. ರೊವೀನಾಳ ಮಾತೇ ಸೆನೆಟರ ಮಾತು.

ಆ ಹಿರಿಯರಲ್ಲಿ ಒಬ್ಬರಾದ ಕ್ರೂಗರ್ ತಡೆದಿದ್ದರು. ಹಿಂದಿನ ಚಳಿಗಾಲದಲ್ಲಿ ಗಡಿಯಾಚೆಯ ಒಂದು ಊರಿನಲ್ಲಿ, ನೀರಿನ ಟ್ಯಾಂಕರಿನ ಮುಂದೆ ಕ್ಯಾನು ಹಿಡಿದು ಸಾಲು ನಿಂತಿದ್ದ ಹೆಂಗಸರು ಮಕ್ಕಳ ಮೇಲೆ ಬಾಂಬು ಬಿದ್ದಿತ್ತು. 'ಅದು ನಾವು ಮಾರಿದ್ದೇ? ಇದಕ್ಕೆ ಉತ್ತರ ಕೊಡುವ ತನಕ ಇನ್ನೊಂದು ಬಾಂಬೂ ಹೋಗಕೂಡದು' ಎಂದು ಸೆನೆಟರು ಇಲಾಖೆಯವರ ಮುಖಕ್ಕೇ ಕೇಳಿದ್ದರು. ಕೇಳುವಾಗ ಅವರ ದನಿ ನಡುಗಿದ್ದನ್ನು ರೊವೀನಾ ಪಕ್ಕದಲ್ಲೇ ಕೂತು ಕೇಳಿದ್ದಳು. ವಾಷಿಂಗ್ಟನ್ನಿನ ಧಣಿಗಳನ್ನು ಬೇಕಾದಷ್ಟು ಕಂಡವಳು ಅವಳು. ಆದರೂ ಅವತ್ತು, ದುಡಿದರೆ ಇಂಥವರ ಕೈಕೆಳಗೆ ದುಡಿಯಬೇಕು ಅನ್ನಿಸಿ ಅವಳ ಎದೆ ತುಂಬಿ ಬಂದಿತ್ತು.

ಈಗ ಸೆನೆಟರಿಗೆ ಮಾತಿಲ್ಲವೆಂದು ಗೊತ್ತಾದರೆ ತಡೆಯೂ ಇಲ್ಲ. ಅವರ ನಂತರದ ಹಿರಿಯರು ಸಂಜೆಯೊಳಗೆ ಹೂಂ ಎನ್ನುವ ಪೈಕಿ. ಪತ್ರಿಕೆಯವರಿಗೆ ಕಚೇರಿ 'ವಿಶ್ರಾಂತಿಯಲ್ಲಿದ್ದಾರೆ' ಎಂದಷ್ಟೇ ಹೇಳಿತ್ತು. ಗುರುವಾರ ಬಂತು, ಫೋನೂ ಬಂತು.

ಇಲಾಖೆಯ ಕ್ಲೈಡ್ ಪಿಂಕ್ನಿ ಪ್ರತಿ ಗುರುವಾರ ಫೋನು ಮಾಡುವವನು. ನಿಂತ ಕಡತವನ್ನು ಮುಂದೆ ತಳ್ಳುವುದೇ ಅವನ ಉದ್ಯೋಗ.

"ಏನಮ್ಮ ರೊವೀನಾ, ಯಜಮಾನ್ರು ಹೇಗಿದಾರೆ?"

"ಪರವಾಗಿಲ್ಲ. ಆಸ್ಪತ್ರೆ ಸೂಪು ಕುಡೀತಿದಾರೆ."

"ಅಯ್ಯೋ ಪಾಪ. ನಮ್ಮ ಕಡತದ ಬಗ್ಗೆ ಇನ್ನೇನಾದ್ರೂ ಕೇಳೋದಿದ್ಯಂತಾ?"

"ಕೇಳಿದ್ದಕ್ಕೇ ಉತ್ತರ ಬಂದಿಲ್ವಲ್ಲೋ. ಕಾಯ್ತಾ ಇದಾರೆ."

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ನೀನೇ ಕಣೇ."

"ದೇವರು ಇನ್ನೂ ವರ ಕೊಟ್ಟಿಲ್ಲ. ನೀನು ಉತ್ತರ ತಗೊಂಬಾ, ತೀರ್ಥ ಪ್ರಸಾದ ಎರಡೂ ಕೊಡ್ತೀನಿ."

ಕ್ಲೈಡ್ ನಕ್ಕು ಫೋನಿಟ್ಟ. ರೊವೀನಾ ಡೈರಿಯಲ್ಲಿ ಮುಂದಿನ ಗುರುವಾರಕ್ಕೆ ಗುರುತು ಹಾಕಿದಳು. ತಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಮುದುಕರು ಹಾಸಿಗೆಯಲ್ಲಿ ಕಾಯುತ್ತಲೇ ಇದ್ದಾರಲ್ಲ! ಹೀಗೆ ಮನಸ್ಸಿಗೆ ಬೆಣ್ಣೆ ಹಚ್ಚಿಕೊಂಡಳು. ಆದರೆ ನೆತ್ತಿ ಸುಡುತ್ತಿತ್ತು. ಅವಳಿಗೆ ಯಾರೂ ಓಟು ಹಾಕಿರಲಿಲ್ಲ. ಒಂದು ದೇಶದ ಬಾಂಬನ್ನು ಅವಳೊಬ್ಬಳೇ ಗಂಟಲಲ್ಲಿ ಹಿಡಿದುಕೊಂಡು ಕೂತಿದ್ದಳು. ಇದು ತಪ್ಪೋ ಸರಿಯೋ ಎಂದು ನನ್ನನ್ನು ಕೇಳಿದರೆ, ತಪ್ಪೇ ಎನ್ನುತ್ತೇನೆ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹೀಗೇ ಕೆಲವು ಗುರುವಾರ ಕಳೆದವು. ಒಂದು ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದರೆ, ಕ್ಲೈಡ್ ಹೂವಿನ ಗೊಂಚಲು ಹಿಡಿದು ಸೆನೆಟರ ಹಾಸಿಗೆಯ ಪಕ್ಕ ನಿಂತಿದ್ದಾನೆ! ಸೆನೆಟರ ಹೆಂಡತಿ ಮಾವಿಸ್ ಸೂಪು ಕುಡಿಸುತ್ತಿದ್ದರು.

"ನೋಡಪ್ಪ, ಇದನ್ನ ಸೂಪು ಅಂತಾರೆ. ಪಾತ್ರೆ ತೊಳೆದ ನೀರಿಗೂ ಇದಕ್ಕಿಂತ ರುಚಿ ಇರತ್ತೆ," ಎಂದು ಅವರು ಕ್ಲೈಡನ ಹತ್ತಿರ ದೂರುತ್ತಿದ್ದರು.

"ಹೇಗಿದೀರಿ ಸರ್?" ಎಂದು ಕ್ಲೈಡ್ ಬಗ್ಗಿ ಕೇಳಿದ.

ಸೆನೆಟರು ಅವನ ಗುರುತು ಹಿಡಿದರು. ಏನೋ ಹೇಳಲು ಹೋದರು. ತುಟಿಯಿಂದ ಬ ಬ ಎಂಬ ಸದ್ದು ಬಿಟ್ಟರೆ ಇನ್ನೇನೂ ಬರಲಿಲ್ಲ. ಮಾವಿಸ್ ಅವರ ಗಲ್ಲ ಒರೆಸಿದರು. ಕ್ಲೈಡ್ ಸೆನೆಟರನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನಿಂತಿದ್ದ ರೊವೀನಾಳನ್ನು ನೋಡಿದ. ಮುಗಿಯಿತು ಎಂದುಕೊಂಡಳು ಅವಳು.

"ಈ ಹೂವು ಇಡೋಕೆ ಒಂದು ಬಾಟ್ಲಿ ಸಿಗತ್ತಾ?" ಎಂದ ಕ್ಲೈಡ್. ಅಷ್ಟೇ ಮಾತಾಡಿ ಹೊರಟುಹೋದ.

ಆ ಗುರುವಾರ ರೊವೀನಾ ಫೋನಿನ ಮುಂದೆ ಕಲ್ಲಾಗಿ ಕೂತಿದ್ದಳು.

"ಸೆನೆಟರು ಇನ್ನೇನಾದ್ರೂ ಹೇಳಿದ್ರಾ?" ಎಂದು ಕ್ಲೈಡ್ ಎಂದಿನಂತೆ ಕೇಳಿದ.

"ಕಾಯ್ತಾ ಇದಾರೆ," ಎಂದಳು.

"ಸರಿ. ಮೇಲಿನವರಿಗೆ ಹಾಗೇ ಹೇಳ್ತೀನಿ."

ತಮಾಷೆ ಮಾಡಲಿಲ್ಲ, ಪೂಜಾರಿಯ ಮಾತೆತ್ತಲಿಲ್ಲ. ಇವನು ಯಾಕೆ ಸುಮ್ಮನಿದ್ದಾನೆ? ಸಮಯ ನೋಡಿ ಕುತ್ತಿಗೆಗೆ ಕೈ ಹಾಕುತ್ತಾನೋ ಏನೋ ಎಂದು ಅವಳು ದಿನಾ ಹೆದರಿದಳು. ಅವನು ಪ್ರತಿ ವಾರವೂ ಅದನ್ನೇ ಕೇಳಿದ, ಅವಳು ಅದನ್ನೇ ಹೇಳಿದಳು.

ಚೆರಿ ಮರಗಳ ಹೂವು ಉದುರಿ, ನೋಡಲು ಬಂದ ಜನ ಊರು ಖಾಲಿ ಮಾಡುವ ಹೊತ್ತಿಗೆ ಮುದುಕರ ನಾಲಿಗೆ ತಿರುಗಿತು. ಗುರುವಾರ ಬೆಳಿಗ್ಗೆಯೇ ಮಾವಿಸ್ ಹೇಳಿಕಳಿಸಿದರು. ರೊವೀನಾ ಓಡೋಡಿ ಹೋದಳು. ಸೆನೆಟರು ದಿಂಬಿಗೆ ಒರಗಿ ಕೂತಿದ್ದರು.

"ಬಾಂಬು... ಬಿಡು," ಎಂದರು. "ಇವತ್ತೇ."

"ಉತ್ತರ ಬಂತಾ ಸರ್?"

"ಬಂತು. ವಾಯು... ನೆಲೆ... ಉಳೀತು."

ರೊವೀನಾ ಕಣ್ಣು ಕಣ್ಣು ಬಿಟ್ಟಳು. ಮಾವಿಸ್ ಹೊದಿಕೆ ಸರಿಮಾಡುತ್ತ ಹೇಳಿದರು, "ಇಷ್ಟು ದಿನ ಜೊತೇಲಿದ್ದೂ ಗೊತ್ತಿಲ್ವೇನೇ ನಿಂಗೆ? ನಮ್ಮೂರಿನ ವಾಯುನೆಲೆ ಮುಚ್ತೀವಿ ಅಂತಿದ್ರಲ್ಲ. ಅದನ್ನ ಉಳಿಸಿಕೊಟ್ರೆ ಬಾಂಬಿನ ಕಡತ ಬಿಡ್ತೀನಿ ಅಂತ ಇವರು ಲಕ್ವ ಹೊಡೆಯೋಕೆ ಮುಂಚೇನೇ ಮೇಲಿನವರ ಹತ್ರ ಮಾತಾಡಿದ್ರು. ನಿನ್ನೆ ಫೋನ್ ಬಂತು, ಉಳಿಸ್ತಾರಂತೆ. ಅವರು ಮಾತು ಉಳಿಸ್ಕೊಂಡ್ರು, ಇನ್ನು ನಾವು ಉಳಿಸ್ಕೋಬೇಕು ತಾನೆ?"

"ಸರ್," ಎಂದಳು ರೊವೀನಾ, "ಮತ್ತೆ ಆ ನೀರಿನ ಸಾಲು?"

ಮುದುಕರ ಕಣ್ಣು ತುಂಬಿತು. ಲಕ್ವದವರಿಗೆ ಸುಮ್ಮಸುಮ್ಮನೆ ಕಣ್ಣೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದು ಆ ಕಣ್ಣೀರೋ ಬೇರೆಯದೋ ಅವಳಿಗೆ ತಿಳಿಯಲಿಲ್ಲ.

"ಅದೂ... ಇತ್ತು ಕಣಮ್ಮ," ಎಂದರು. "ನೆಲೆ ಮುಚ್ಚಿದ್ರೆ... ನಮ್ಮೂರು ಸಾಯತ್ತೆ."

ಅವಳಿಗೆ ಸಿಟ್ಟು ಬಂತು, ಅಳು ಬಂತು. ಅದೂ ಇತ್ತು ಎಂಬ ಮಾತನ್ನು ಹಿಡಿದು ಬೈಯೋಣವೆಂದರೆ ಅದು ಸುಳ್ಳೂ ಅಲ್ಲ. ನಡುಗಿದ ಆ ದನಿಯನ್ನು ಅವಳೇ ಕೇಳಿದ್ದಳು.

ಕಚೇರಿಗೆ ವಾಪಸಾಗಿ ಫೋನಿನ ಮುಂದೆ ಕೂತಳು. ಗುರುವಾರ ಬೆಳಿಗ್ಗೆಯೇ ಫೋನು ಮಾಡುವ ಕ್ಲೈಡ್ ಮಧ್ಯಾಹ್ನವಾದರೂ ಮಾಡಲಿಲ್ಲ. ಊಟದ ಹೊತ್ತು ಕಳೆಯಿತು. ಕೇಳದಿದ್ದರೆ ಹೇಳಬೇಕಾಗಿಲ್ಲ, ಅದೂ ಪದ್ಧತಿಯೇ. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರೆ ಕೇಳುವವರಿಲ್ಲ. ಬಾಂಬು ಇನ್ನೊಂದು ವಾರ ಕಪಾಟಿನಲ್ಲೇ ಇರುತ್ತಿತ್ತು. ಆದರೆ ಇಷ್ಟು ದಿನ ಅವಳು ಬದುಕಿದ್ದೇ, ತನ್ನ ಮಾತು ಸೆನೆಟರ ಮಾತು ಎಂಬ ಒಂದು ಎಳೆಯ ಮೇಲೆ. ಅವರು ಮೂಕರಾಗಿದ್ದಾಗ ಹಿಡಿದ ಎಳೆಯನ್ನು ಅವರು ಬಾಯಿಬಿಟ್ಟ ದಿನ ಹೇಗೆ ಹರಿಯುವುದು? ಓಟು ಬಿದ್ದದ್ದು ಆ ಮುದುಕರಿಗೆ. ಹಲ್ಲು ಕಚ್ಚಿ ಫೋನೆತ್ತಿದಳು.

"ಕ್ಲೈಡ್, ಸೆನೆಟರಿಗೆ ಇನ್ನೇನೂ ಕೇಳೋದಿಲ್ಲವಂತೆ. ಕಳಿಸಬಹುದು."

"ರೊವೀನಾ, ನಾನಿವತ್ತು ಫೋನ್ ಮಾಡಿದ್ನಾ?"

"ಇಲ್ಲ."

"ಮತ್ಯಾಕೆ ಮಾಡಿದೆ ನೀನು?"

"ಅವರಿಗೆ ಮಾತು ಬಂದಿದೆ ಕಣೋ."

"ಗೊತ್ತು. ಮಾವಿಸ್ ನಿನ್ನೆನೇ ಹೇಳಿದ್ರು. ಅದಕ್ಕೇ ಮಾಡ್ಲಿಲ್ಲ," ಎಂದ ಕ್ಲೈಡ್. "ಮುಂದಿನ ವಾರಾನೂ ಮಾಡ್ತಿರ್ಲಿಲ್ಲ. ಅದರ ಮುಂದಿನ ವಾರಾನೂ."

ರೊವೀನಾಳಿಗೆ ಆಗ ಹೂವಿನ ಬಾಟ್ಲಿ ನೆನಪಾಯಿತು. ಅವನು ಅಷ್ಟು ದಿನ ಸುಮ್ಮನಿದ್ದದ್ದು ಬಾಂಬು ಹೋಗಬಾರದೆಂದೇ ಎಂಬುದು ತಡವಾಗಿ ಹೊಳೆಯಿತು.

"ನಿಂಗೆ ಉತ್ತರ ಗೊತ್ತಿತ್ತು ಅಲ್ವಾ ಕ್ಲೈಡ್? ಆ ಸಾಲಿನ ಮೇಲೆ ಬಿದ್ದಿದ್ದು ನಮ್ಮದೇನಾ?"

"ಸೆನೆಟರ ಪರವಾಗಿ ಕೇಳ್ತಿದೀಯಾ?"

ಅವಳು ಗೋಡೆಯ ಮೇಲಿನ ಸೆನೆಟರ ಪಟ ನೋಡಿದಳು.

"ಇಲ್ಲ," ಎಂದಳು.

"ಹಾಗಾದ್ರೆ ನಾನು ಹೇಳೋ ಹಾಗಿಲ್ಲಮ್ಮ," ಎಂದ. ಅವನ ದನಿ ಒಡೆದಿತ್ತು. ಸಂಜೆಯೊಳಗೆ ಕಡತ ಹೋಯಿತು.