ಬೆಂಕಿಕಡ್ಡಿಯ ಗಡಿ

“ಆ ಪಿಟೀಲು ನಿಲ್ಲಿಸಿ ಅಂದೆ!” ಮಗಳು ಧ್ವನಿ ಮಿಕ್ಸರಿನ ಮೇಲೆ ಕೈಯಿಟ್ಟಳು. ಸಭಾಂಗಣದ ಆಪರೇಟರ್ ಆ ಕೈಯನ್ನು ಪಕ್ಕಕ್ಕೆ ಸರಿಸಿದ.

“ನಿರ್ದೇಶಕರೇ ಹಾಕಿಸಿರೋದಮ್ಮಾ. ಮಾತಿನ ಹಿಂದೆ ಇರ್ಲಿ ಅಂದ್ರು.”

“ಹಿಂದೆ ಎಲ್ಲಿದೆ? ಮಾತಿನ ಎದೆ ಮೇಲೆ ಕೂತಿದೆ.”

ವೇದಿಕೆಯ ಕೆಳಗೆ, ಬಿಳಿ ಹೊದಿಕೆಯಡಿ, ಅವಳ ಅಪ್ಪ ಮಲಗಿದ್ದ. ಮೂವತ್ತೊಂದು ವರ್ಷ ಟೀವಿ ವಾಹಿನಿಯ ನೌಕರ. ಅದರಲ್ಲಿ ಇಪ್ಪತ್ತೈದು ವರ್ಷ ಧಾರಾವಾಹಿಗಳ ಮಾತು, ಸದ್ದು, ಸಂಗೀತಗಳನ್ನು ಬೆರೆಸಿ ಹದ ಮಾಡಿದವನು. ಅಲ್ಲಿ ಎಲ್ಲರ ಬಾಯಲ್ಲೂ ಅವನು ‘ಕಡ್ಡಿ’. ಮೊದಲ ಸಾಲಿನಲ್ಲಿ ಅವನ ತಾಯಿ, ಎಂಬತ್ತೆಂಟರ ಮುದುಕಿ, ಕಿವಿಗೆ ಅಂಗೈ ಮರೆ ಹಿಡಿದು ಕುಳಿತಿದ್ದಳು. ಮೈಕಿನ ಮುಂದೆ ವಾಹಿನಿಯ ನಿರ್ದೇಶಕರ ತುಟಿಗಳು ಆಡುತ್ತಿದ್ದವು. ಕೇಳುತ್ತಿದ್ದುದು ಪಿಟೀಲು ಮಾತ್ರ.

“ಏನಂತಾನೆ ಕಣೇ?” ಮುದುಕಿ ಸೊಸೆಯ ತೋಳು ಜಗ್ಗಿದಳು. “ನನ್ನ ಮಗನ ಬಗ್ಗೆ ಆಡೋ ಕೊನೇ ಮಾತು. ಅದನ್ನೂ ಕೇಳ್ಬಾರ್ದಾ ನಾನು?”

“ಒಳ್ಳೇದೇ ಹೇಳ್ತಿದಾರೆ ಅತ್ತೆ.”

“ಒಳ್ಳೇದೋ ಕೆಟ್ಟದ್ದೋ ನಾನು ಹೇಳ್ತೀನಿ. ಮೊದ್ಲು ಕೇಳಿಸ್ಲಿ.”

*

ಎಲ್ಲ ಶುರುವಾದದ್ದೂ ಆ ಮುದುಕಿಯಿಂದಲೇ. ಒಂದು ಸಂಜೆ, ಮಗ ಬೆರೆಸಿದ ಕಂತನ್ನೇ ನೋಡುತ್ತಿದ್ದವಳು ತಟ್ಟನೆ ಟೀವಿ ಆರಿಸಿದ್ದಳು. “ಆ ಹುಡುಗಿ ಗೋಳೋ ಅಂತಾಳೆ. ಯಾಕಂತ ತಿಳಿಯೋಕೆ ನಿನ್ನ ಡೋಲು ಬಿಡಬೇಕಲ್ಲ!”

ಮರುದಿನ ಅವನು ಆ ಟೀವಿಯನ್ನೇ ಹೊತ್ತು ಸ್ಟುಡಿಯೋಗೆ ತಂದ. ದೊಡ್ಡ ಸ್ಪೀಕರುಗಳ ಬಾಯಿ ಕಟ್ಟಿ, ಅದರ ಬೆನ್ನಿನ ಬಡಕಲು ಸ್ಪೀಕರಿನಲ್ಲಿ ಕಂತನ್ನು ಕೇಳಿದ. ಸಂಗೀತ ಎಷ್ಟು ಏರಿದರೆ ಮಾತು ಮುಳುಗುತ್ತದೋ ಅದಕ್ಕಿಂತ ಒಂದು ಬೆರಳು ಕೆಳಗೆ, ಮಿಕ್ಸರಿನಲ್ಲಿ ಸದ್ದು ಏರಿಸಿ ಇಳಿಸುವ ಜಾರುಗುಂಡಿಯ ದಾರಿಗೆ ಅಡ್ಡವಾಗಿ, ಬೆಂಕಿಕಡ್ಡಿಯೊಂದನ್ನು ಅಂಟಿಸಿದ. ಗುಂಡಿ ಅದನ್ನು ದಾಟುವಂತಿರಲಿಲ್ಲ.

ನಿರ್ದೇಶಕರು ಬಂದವರೇ ಅದನ್ನು ಉಗುರಿನಿಂದ ಕಿತ್ತು ಎರಡು ತುಂಡು ಮಾಡಿದರು. “ನಾಲ್ಕು ಮುದುಕರಿಗೋಸ್ಕರ ನನ್ನ ಸಂಗೀತದ ಕತ್ತು ಹಿಸುಕ್ತೀಯೇನಯ್ಯಾ?”

“ನಾಲ್ಕೇ ಅಂತ ಯಾರು ಎಣಿಸಿದ್ರು ಸಾರ್? ದಿನವಿಡೀ ನಮ್ಮನ್ನೇ ನೋಡ್ತಾ ಕೂತಿರೋರು ಅವರು. ಕೇಳಿಸ್ದೇ ಇದ್ರೆ ತಮ್ಮ ಕಿವೀನೇ ಬೈಕೋತಾರೆ, ನಮ್ಮನ್ನಲ್ಲ.”

ಹೊಸ ಕಡ್ಡಿ ಅಂಟಿಸಿದ. ಅದೂ ಮುರಿಯಿತು. ಕನ್ನಡಕದ ಡಬ್ಬಿಯಲ್ಲಿ ಕಡ್ಡಿಗಳನ್ನೂ ಅಂಟುಪಟ್ಟಿಯನ್ನೂ ಇಟ್ಟುಕೊಂಡೇ ಓಡಾಡಿದ. ದಿನವೂ ಒಂದು ಅಂಟುವುದು, ಒಂದು ಮುರಿಯುವುದು. ಸಂಜೆಗೆ ಆ ಸುದ್ದಿ ತಾಯಿಗೆ. ಕೊನೆಗೆ ಕಡ್ಡಿಯ ಬದಲು ಅವನನ್ನೇ ಕಿತ್ತು ಉಗ್ರಾಣಕ್ಕೆ ಎಸೆದರು: ತಂತಿ ಸುತ್ತಿಡುವ ಕೆಲಸ. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಆರು ವರ್ಷಗಳ ನಂತರ, ಅರ್ಧ ಸುತ್ತಿದ ತಂತಿಯ ಮೇಲೆ ಅವನು ಕುಸಿದ. ಊಟಕ್ಕೆ ಹೋದವರು ಹಿಂತಿರುಗುವವರೆಗೆ ಯಾರೂ ನೋಡಲಿಲ್ಲ.

*

ಮಗಳ ಮುಷ್ಟಿಯಲ್ಲಿದ್ದುದು ಅದೇ ಡಬ್ಬಿ. ಅವಳು ಮುಚ್ಚಳ ತೆರೆದಳು. ಸಂಗೀತದ ಗುಂಡಿಯನ್ನು ತಳಕ್ಕೆಳೆದು, ಅದರ ನೆತ್ತಿಗೇ ಕಡ್ಡಿಯಿಟ್ಟು ಅಂಟಿಸಿದಳು.

“ಮುಟ್ಟಿ ನೋಡಿ ಈಗ!”

ಆಪರೇಟರ್ ಕೈ ಹಿಂದೆಳೆದುಕೊಂಡ. ಪಿಟೀಲು ಸತ್ತಿತು. ನಿರ್ದೇಶಕರ ಮಾತು ಸಭಾಂಗಣದ ನಡುವೆ ಬತ್ತಲೆ ನಿಂತಿತು:

“...ಹಿರಿಯರಿಗೆ ಪ್ರತಿ ಮಾತೂ ಕೇಳಿಸ್ಬೇಕು ಅನ್ನೋದು ನಮ್ಮಿಬ್ಬರ ಕನಸು. ಆ ಕಡ್ಡಿ ಅಂಟಿಸು ಅಂತ ಅವನಿಗೆ ಮೊದಲು ಹೇಳಿದ್ದೇ ನಾನು...”

ಮುದುಕಿಯ ಅಂಗೈ ಕಿವಿಯಿಂದ ಇಳಿಯಿತು.

“ಕೇಳಿಸ್ತಪ್ಪಾ,” ಎಂದಳು. “ಹಾಗಾದ್ರೆ ದಿನಾ ಅದನ್ನ ಮುರೀತಿದ್ದೋರು ಯಾರು?”

ನಿರ್ದೇಶಕರು ಆಪರೇಟರನತ್ತ ತಿರುಗಿ, ಸಂಗೀತ ಏರಿಸೆಂದು ಬೆರಳು ಮೇಲೆತ್ತಿದರು.

ಆಪರೇಟರನ ಹೆಬ್ಬೆರಳು ಗುಂಡಿಯನ್ನು ನೂಕಿತು. ಗುಂಡಿ ಕಡ್ಡಿಗೆ ತಗುಲಿ ನಿಂತಿತು. ಇನ್ನಷ್ಟು ಒತ್ತಿದ. ಕಡ್ಡಿ ತುಸು ಬಾಗಿತು, ಮುರಿಯಲಿಲ್ಲ.