ಎರಡನೇ ತಿರುವಿನಲ್ಲಿ ಇಳಿಯುವವಳು

ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಬೇಲಾಪುರದ ನಮ್ಮ ಭಜನಾ ಮಂಡಳಿ ನನ್ನ ತೂಕದ ಬಗ್ಗೆ ಒಂದಿಡೀ ಮಳೆಗಾಲ ತಲೆ ಕೆಡಿಸಿಕೊಂಡಿತು. ಭಜನೆಗೆ ಬಂದವರು ದೇವರ ಮುಖ ನೋಡಬೇಕು. ಇವರು ನನ್ನ ಸೊಂಟ ನೋಡುತ್ತಿದ್ದರು. ಅದಕ್ಕೆಲ್ಲ ಕಾರಣ ವಿಮಲಳ ಎಲೆಕ್ಟ್ರಿಕ್ ಸ್ಕೂಟರು.

ವಿಮಲಾ ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮಹಡಿಯವಳು, ನನ್ನ ಹಾಗೆ ಉಡುಪಿ ಕಡೆಯವಳು. ಗಂಡ ಜಯಶೀಲರು ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ. ಮಂಡಳಿಯಲ್ಲಿ ಅವಳದು ಹಾರ್ಮೋನಿಯಂ, ನನ್ನದು ತಾಳ. ಪ್ರತಿ ಮಂಗಳವಾರ ಸಂಜೆ ಭಜನೆ ನಡೆಯುವುದು ಪಾರ್ಸಿಕ್ ಗುಡ್ಡದ ತುದಿಯಲ್ಲಿರುವ ಯಜ್ಞೇಶ್ವರ ರಾಯರ ಬಂಗಲೆಯಲ್ಲಿ. ಗಾಳಿ ಬರಲಿ ಎಂದು ರಾಯರು ಅಷ್ಟು ಎತ್ತರದಲ್ಲಿ ಮನೆ ಮಾಡಿದ್ದರು. ನಮ್ಮ ಮೊಣಕಾಲನ್ನು ಅವರು ಕೇಳಿರಲಿಲ್ಲ. ಗುಡ್ಡ ಎಂದ ಕೂಡಲೇ ರಿಕ್ಷಾದವರು ಮುಖ ತಿರುಗಿಸುತ್ತಿದ್ದರು. ಜಯಶೀಲರು ತಮ್ಮ ಕಾರಿನಲ್ಲಿ ಬಿಡುತ್ತೇನೆ ಅನ್ನುವರು, ಆದರೆ ಹೋಟೆಲಿನ ಗಿರಾಕಿ ಕರಗಿ ಅವರು ಬರುವಷ್ಟರಲ್ಲಿ ಮೇಲೆ ಮಂಗಳಾರತಿಯ ಗಂಟೆ. ವಿಮಲಾ ಹಾರ್ಮೋನಿಯಂ ಪೆಟ್ಟಿಗೆ ತೆರೆಯದೆ ವಾಪಸು ತಂದ ವಾರಗಳು ಎಷ್ಟೋ.

ಹಾಗಾಗಿ ಅವಳು ಹಟ ಹಿಡಿದು ಎಲೆಕ್ಟ್ರಿಕ್ ಗಾಡಿ ತೆಗೆಸಿಕೊಂಡಳು. ಅದಕ್ಕೆ ಲೈಸೆನ್ಸ್ ಬೇಡ, ಮತ್ತು ಲೈಸೆನ್ಸ್ ಅವಳಿಗೆ ಸಿಕ್ಕುವ ಹಾಗೂ ಇರಲಿಲ್ಲ. ಆರ್‌ಟಿಒ ಮೈದಾನದಲ್ಲಿ ಎಂಟು ಬರೆಯಲು ಹೋಗಿ ಸೊನ್ನೆ ಬರೆದು ಬಂದವಳು ಅವಳು. ಪಕ್ಕದ ಊರು ಖಾರಘರದ ಶೋರೂಮಿನವನು ಗಾಡಿಯ ಒಂದೊಂದೇ ಭಾಗ ವಿವರಿಸುವಾಗ ಜಯಶೀಲರು ಹೋಟೆಲಿನವರೊಂದಿಗೆ ಫೋನಿನಲ್ಲಿದ್ದರು, ವಿಮಲಾ ಬಣ್ಣ ನೋಡುತ್ತಿದ್ದಳು. ಮನೆಗೆ ತಂದ ಮೇಲೆ ಚಕ್ರಕ್ಕೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ, ಎಲ್ಲ ಕ್ರಮವಾಗಿ ಆಯಿತು. ಜಯಶೀಲರು ಊರಿನ ಅಮ್ಮನ ಗುಡಿಯಿಂದ ತಂದಿದ್ದ ಕೆಂಪು ನೂಲನ್ನು ಎಡಗಡೆಯ ಹ್ಯಾಂಡಲಿಗೆ ಸುತ್ತಿದರು. ಎಷ್ಟು ಭಕ್ತಿಯೋ ಅಷ್ಟು ಸುತ್ತು. ಅಲ್ಲಿ ಕೈಗೆ ಒಂದು ಗಡ್ಡೆಯೇ ಸಿಗುತ್ತಿತ್ತು.

"ಇದನ್ನು ಯಾರೂ ಮುಟ್ಟುದು ಬೇಡ. ತನ್ನಷ್ಟಕ್ಕೇ ಬೀಳುವವರೆಗೆ ಅಲ್ಲೇ ಇರ್ಬೇಕು," ಎಂದು ಅಪ್ಪಣೆಯಾಯಿತು.

ಮೊದಲ ಮಂಗಳವಾರ ನಾವು ರಾಣಿಯರ ಹಾಗೆ ಹೊರಟೆವು. ವಿಮಲಾ ಮುಂದೆ, ಅವಳ ಕಾಲ ಬಳಿ ಹಾರ್ಮೋನಿಯಂ, ಹಿಂದೆ ನಾನು. ಸಮತಟ್ಟಿನಲ್ಲಿ ಗಾಡಿ ಸದ್ದೇ ಇಲ್ಲದೆ ಸಾಗಿತು. ಗುಡ್ಡದ ಮೊದಲ ತಿರುವಿನಲ್ಲಿ ಗೊಣಗಿತು. ಎರಡನೇ ತಿರುವಿನಲ್ಲಿ, ಬಾದಾಮಿ ಮರದ ಹತ್ತಿರ, ನಿಂತೇ ಬಿಟ್ಟಿತು.

"ಅಕ್ಕಾ, ಸ್ವಲ್ಪ ಇಳೀತೀರಾ?" ಅಂದಳು ವಿಮಲಾ, ಹಿಂದೆ ತಿರುಗದೆ.

ಇಳಿದೆ. ನಾನು ಇಳಿದದ್ದೇ ಗಾಡಿ ಆಮೆಯ ಹಾಗೆ ಹೊರಟು, ಹೇಗೋ ತುದಿ ಮುಟ್ಟಿತು. ನಾನು ಮೊಣಕಾಲು ಹಿಡಿದುಕೊಂಡು, ತಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೆ. ಆಮೇಲೆ ಪ್ರತಿ ವಾರ ಅದೇ ಕತೆ. ಬಾದಾಮಿ ಮರ ಬಂತೆಂದರೆ ನನ್ನ ಸ್ಟಾಪು ಬಂತು. ವಿಮಲಳ ಮಗಳು ನಿಕಿತಾಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಒಂದು ದಿನ ಅವಳು ನನ್ನೆದುರೇ, "ಮಮ್ಮಿ, ಆಂಟಿ ಬೈಠೇಗೀ ತೋ ಗಾಡಿ ಕೈಸೇ ಚಢೇಗೀ?" ಅಂದಳು. ಆಂಟಿ ಕೂತರೆ ಗಾಡಿ ಹತ್ತುವುದು ಹೇಗೆ ಎಂದು ಹಿಂದಿಯಲ್ಲಿ ಹೇಳಿದರೂ ಚುಚ್ಚುವುದು ಚುಚ್ಚುತ್ತದೆ.

ನಾನು ರಾತ್ರಿಯ ಅನ್ನ ಬಿಟ್ಟೆ. ತುಪ್ಪ ಬಿಟ್ಟೆ. ಕೊನೆಗೆ ಹಪ್ಪಳವನ್ನೂ ಬಿಟ್ಟೆ. ಸ್ಟೇಷನ್ನಿನಲ್ಲಿ ಬಣ್ಣದ ದೀಪ ಉರಿಯುವ ತೂಕದ ಯಂತ್ರ ಹತ್ತಿದೆ. ಅದು ಕೊಟ್ಟ ಚೀಟಿಯ ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ: ಶೀಘ್ರದಲ್ಲಿ ನೀವು ಉನ್ನತ ಸ್ಥಾನಕ್ಕೆ ಏರುವಿರಿ. ತೂಕ ಮಾತ್ರ ಇದ್ದಲ್ಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎಮ್ಮೆ ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆಂದು ಆ ಗಾದೆಯನ್ನು ಯಾರ ಮುಂದೆಯೂ ಹೇಳಲಿಲ್ಲ.

ನವರಾತ್ರಿ ಹತ್ತಿರ ಬಂದಾಗ ಜಯಶೀಲರು ತೀರ್ಪು ಕೊಟ್ಟರು. "ಗುಡ್ಡ ಹತ್ತದ ಗಾಡಿ ನಮಗೆ ಎಂತಕ್ಕೆ? ಬರುವ ಮಂಗಳವಾರ ನಾನೇ ಹಿಂದೆ ಕೂತು ನೋಡ್ತೇನೆ. ಹತ್ತಿದ್ರೆ ಇರ್ಲಿ. ಇಲ್ಲದಿದ್ರೆ ಬುಧವಾರ ಕೊಟ್ಟುಬಿಡುದು. ಮೊದಲಿನ ಹಾಗೆ ಕಾರಲ್ಲಿ ನಾನೇ ಬಿಡ್ತೇನಲ್ಲ."

ಮೊದಲಿನ ಹಾಗೆ! ನವರಾತ್ರಿಯ ಅಷ್ಟೂ ದಿನ ಗುಡ್ಡದ ಮೇಲೆ ಭಜನೆ, ಅಷ್ಟೂ ದಿನ ನಾವು ತಲುಪುವುದು ಮಂಗಳಾರತಿಗೆ. ಅವತ್ತು ವಿಮಲಾ ನಮ್ಮ ಮನೆಗೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತು ಅತ್ತಳು. "ಈ ಗಾಡಿಯಲ್ಲಿ ಹೋಗುವಾಗ ಮಾತ್ರ ನಾನು ಯಾರನ್ನೂ ಕಾಯುದಿಲ್ಲ ಅಕ್ಕಾ," ಅಂದಳು. ಜಯಶೀಲರು ಕೆಟ್ಟವರಲ್ಲ. ಆದರೆ ತಾನು ಬಿಡದೆ ಹೆಂಡತಿ ಎಲ್ಲಿಗೂ ತಲುಪಬಾರದು ಎಂಬ ಒಂದು ಸಣ್ಣ ಆಸೆ ಅವರೊಳಗೆ ಎಲ್ಲೋ ಇತ್ತು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಪರೀಕ್ಷೆಯ ದಿನ ನಾನು ಬೇಗ ಹೊರಟು, ಗುಡ್ಡದ ಬುಡದವರೆಗೆ ರಿಕ್ಷಾ ಹಿಡಿದು, ನಿಂತು ನಿಂತು ನಡೆದು ಬಾದಾಮಿ ಮರದ ಕಟ್ಟೆಯ ಮೇಲೆ ಕೂತೆ. ನನ್ನ ಸ್ಟಾಪಿನಲ್ಲಿ ಅವತ್ತು ಬೇರೆಯವರು ಇಳಿಯುವುದನ್ನು ನೋಡಬೇಕಿತ್ತು. ಜಯಶೀಲರು ಸಣ್ಣ ಆಳೇನಲ್ಲ. ಹೋಟೆಲಿನ ರುಚಿ ಸರಿ ಉಂಟೋ ಎಂದು ದಿನಾ ನೋಡುವ ಮೈ ಅದು.

ಗಾಡಿ ಬಂತು. ಮರದ ಬುಡಕ್ಕೆ ಬಂದು ನಿಂತಿತು. ಭಾರ ಇಳಿಯಲೆಂದು ವಿಮಲಾ ಹಾರ್ಮೋನಿಯಂ ಎತ್ತಿ ನನ್ನ ಮಡಿಲಿಗೆ ಕೊಟ್ಟಳು. ಗಾಡಿ ಹೊರಡಲಿಲ್ಲ. ಅವಳು ರೇಸ್ ಪೂರ್ತಿ ತಿರುಗಿಸಿ ಹಿಡಿದಿದ್ದಳು, ಕಣ್ಣಲ್ಲಿ ನೀರಿತ್ತು. ಗಾಡಿ ಹಿಂದಕ್ಕೆ ಜಾರತೊಡಗಿತು.

"ನೋಡಿದ್ಯಾ? ನಾನು ಹೇಳಿದ್ದೇ ಆಯ್ತಲ್ಲ," ಎನ್ನುತ್ತ ಜಯಶೀಲರು ಇಳಿದರು. ಎಡಗಡೆಗೆ ಬಂದು, ಜಾರುವ ಗಾಡಿಯನ್ನು ತಡೆಯಲು ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದರು. ಅವರ ಹೆಬ್ಬೆರಳು ಆ ಕೆಂಪು ನೂಲಿನ ಗಡ್ಡೆಯ ಮೇಲೆ ಬಲವಾಗಿ ಕೂತಿತು.

ಟಕ್ ಎಂದು ಒಳಗಿನಿಂದ ಸದ್ದಾಯಿತು.

ಆಮೇಲೆ ಆದದ್ದನ್ನು ನಾನು ಮಂಡಳಿಯಲ್ಲಿ ಎಷ್ಟು ಸಲ ಹೇಳಿದರೂ ನನಗೆ ದಣಿವಿಲ್ಲ. ಗಾಡಿ ಅವರ ಕೈಯಿಂದ ಕಿತ್ತುಕೊಂಡು ನೆಗೆಯಿತು. "ಅಯ್ಯೋ ದೇವರೇ!" ಎನ್ನುವ ವಿಮಲಳ ಕೂಗು ಮುಂದಿನ ತಿರುವಿನಾಚೆಯಿಂದ ಕೇಳಿಸಿತು. ಜಯಶೀಲರು ಖಾಲಿ ಕೈ ಮುಂದೆ ಚಾಚಿ, ಆಶೀರ್ವಾದ ಮಾಡುವವರ ಹಾಗೆ, ನಡು ರಸ್ತೆಯಲ್ಲಿ ನಿಂತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಅವಳು ತಿರುಗಿ ಇಳಿದು ಬಂದಳು. ಮುಖ ಕೆಂಪಗಾಗಿತ್ತು, ಕೂದಲು ಕೆದರಿತ್ತು. ಅಷ್ಟು ಚಂದದ ವಿಮಲಳನ್ನು ನಾನು ಅವಳ ಮದುವೆಯ ಫೋಟೋದಲ್ಲೂ ನೋಡಿಲ್ಲ. "ತುದಿಯವರೆಗೆ ಹೋಯ್ತು ಅಕ್ಕಾ! ನಿಲ್ಲಲೇ ಇಲ್ಲ!"

ನಾವಿಬ್ಬರೂ ನೂಲನ್ನು ಮೆಲ್ಲ ಸರಿಸಿ ನೋಡಿದೆವು. ಅಡಿಯಲ್ಲಿ ಒಂದು ಕಪ್ಪು ಗುಂಡಿ, ಪಕ್ಕದಲ್ಲಿ ಪವರ್ ಎಂಬ ಅಕ್ಷರ. ಗುಡ್ಡಕ್ಕೆಂದೇ ಕೊಟ್ಟ ಶಕ್ತಿಯ ಮೇಲೆ ಇಷ್ಟು ದಿನ ಜಯಶೀಲರ ಭಕ್ತಿ ಕೂತಿತ್ತು. ನನ್ನ ರಾತ್ರಿಯ ಅನ್ನ, ನನ್ನ ತುಪ್ಪ, ನನ್ನ ಹಪ್ಪಳ ಎಲ್ಲ ನೆನಪಾಗಿ ನನಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಜಯಶೀಲರು ಬಗ್ಗಿ ನೋಡಿದರು. ಬೆವರು ಒರೆಸಿಕೊಂಡರು. "ಅಮ್ಮನೇ ಒತ್ತಿದ್ದು," ಅಂದರು, ಗಂಭೀರವಾಗಿ.

"ಒತ್ತಿದ್ದು ಅಮ್ಮನೇ ಇರ್ಬಹುದು," ಅಂದಳು ವಿಮಲಾ. "ಮುಚ್ಚಿದ್ದು ಯಾರು?"

ಅವರು ಬಾದಾಮಿ ಮರದ ಎಲೆ ನೋಡತೊಡಗಿದರು. ವಿಮಲಾ ನೂಲನ್ನು ಬಿಚ್ಚಿ, ಕಣ್ಣಿಗೊತ್ತಿ, ಕನ್ನಡಿಯ ಕಂಬಕ್ಕೆ ಕಟ್ಟಿದಳು. ಮತ್ತೆ ಸೀಟಿನಲ್ಲಿ ಕೂತು, ಹಿಂದಿನ ಜಾಗವನ್ನು ಕೈಯಿಂದ ತಟ್ಟಿದಳು. ಜಯಶೀಲರು ಮುಂದೆ ಬಂದರು.

"ನಿಮಗಲ್ಲ. ಅಕ್ಕಾ, ಬನ್ನಿ. ಹೊತ್ತಾಯ್ತು."

"ಹಾರ್ಮೋನಿಯಂ?" ಎಂದು ಅವರು ಕೇಳಿದರು.

"ನಾನೇ ಬಿಡ್ತೇನೆ ಅಂತೀರಲ್ಲ, ಯಾವಾಗ್ಲೂ. ಇದನ್ನು ತನ್ನಿ."

ಆ ಗುಡ್ಡವನ್ನು ನಾನು ಇಡೀ ಮಳೆಗಾಲ ನೆಲ ನೋಡಿಕೊಂಡೇ ಹತ್ತಿದ್ದೆ. ಅವತ್ತು ಮೊದಲ ಸಲ ತಲೆಯೆತ್ತಿ ನೋಡಿದೆ. ಒಂದು ಕಡೆ ಸಮುದ್ರ ಒಳಬಂದ ಖಾಡಿಯ ನೀರು ಹೊಳೆಯುತ್ತಿತ್ತು, ಕೆಳಗೆ ಲೋಕಲ್ ಟ್ರೇನು ಬೇಲಾಪುರಕ್ಕೆ ಬರುತ್ತಿತ್ತು, ಗಾಳಿ ಸೆರಗನ್ನು ಹಿಂದಕ್ಕೆ ಎಳೆಯುತ್ತಿತ್ತು. ನನಗೆ ಖುಷಿಯಿಂದ ಅಳು ಬಂತು. ವಿಮಲಾ ಮುಂದಿನಿಂದಲೇ ಭಜನೆ ಶುರು ಮಾಡಿದಳು, ನಾನು ಹಿಂದಿನಿಂದ ತಾಳ ಹಾಕಿದೆ.

ಅವತ್ತು ಭಜನೆ ಹಾರ್ಮೋನಿಯಂ ಇಲ್ಲದೆಯೇ ನಡೆಯಿತು. ಯಜ್ಞೇಶ್ವರ ರಾಯರು ಮಂಗಳಾರತಿಯ ಗಂಟೆ ಎತ್ತಿದ ಹೊತ್ತಿಗೆ ಬಾಗಿಲಲ್ಲಿ ಜಯಶೀಲರು ಕಾಣಿಸಿಕೊಂಡರು. ಅಂಗಿ ಬೆನ್ನಿಗೆ ಅಂಟಿತ್ತು, ಪೆಟ್ಟಿಗೆ ಹೆಗಲ ಮೇಲಿತ್ತು. ಅದನ್ನು ಇಳಿಸಿ ಹೆಂಡತಿಯ ಮುಂದೆ ಇಟ್ಟರು.

"ಎಷ್ಟು ವಾರ ನೀನು ಹೀಗೆ ಮಂಗಳಾರತಿಗೆ ಬಂದು ಮುಟ್ಟಿದ್ದಿ ವಿಮಲಾ?" ಎಂದು ಕೇಳಿದರು, ಮೆಲ್ಲಗೆ. ಅವಳು ಆರತಿಯ ತಟ್ಟೆಯನ್ನು ಮೊದಲು ಅವರ ಮುಂದೆ ಹಿಡಿದಳು. ಬುಧವಾರದ ಮಾತು ಅಲ್ಲಿಗೇ ಮುಗಿಯಿತು.

ಹೊರಡುವಾಗ ಜಯಶೀಲರು ಗಾಡಿಯ ಸುತ್ತ ಒಂದು ಸುತ್ತು ಬಂದು, ಸೀಟು ಒರೆಸಿ, ತಗ್ಗಿದ ದನಿಯಲ್ಲಿ, "ಇಳಿಯುವಾಗಲಾದರೂ ನಾನು ಹಿಂದೆ ಕೂರ್ಲಾ?" ಅಂದರು.

ವಿಮಲಾ ನನ್ನ ಮುಖ ನೋಡಿದಳು. ನಾನು ರಾಯರ ಮನೆಯ ಎರಡು ಹಪ್ಪಳ ತಿಂದು ಕೈ ಒರೆಸಿಕೊಳ್ಳುತ್ತಿದ್ದೆ.

"ಧಾರಾಳವಾಗಿ ಕೂತ್ಕೊಳ್ಳಿ," ಅಂದೆ, ಸೀಟು ಹತ್ತಿ ಕೂರುತ್ತ. "ಎರಡನೇ ತಿರುವಿನಲ್ಲಿ, ಬಾದಾಮಿ ಮರದ ಹತ್ತಿರ, ಒಳ್ಳೇ ಕಟ್ಟೆ ಉಂಟು."