ಬಾಕ್ಸ್ ಉಂಟು, ಹುಕ್ ಉಂಟಾ?

ಪರ್ಕಳದ ಪಾಸ್ಕಲ್ ಅವರ ಮನೆಯಲ್ಲಿ ಆ ವರ್ಷ ಎರಡು ಸೆಕೆ. ಈಸ್ಟರ್ ಕಳೆದ ಮೇಲಿನ ಸೆಕೆ ಊರಿಗೆಲ್ಲ ಒಂದೇ. ಮಗಳು ಟೀನಾಳ ಮದುವೆಯ ಸೆಕೆ ಮಾತ್ರ ಪಾಸ್ಕಲರ ತಲೆಗೇ ಏರಿತ್ತು.

ಮದುವೆಯ ಮುನ್ನಾದಿನ ರೋಸ್. ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ, ನೆಂಟರಿಷ್ಟರೆಲ್ಲ ತಲೆಗೆ ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ. ಮೇ ತಿಂಗಳಲ್ಲಿ ಸಂಜೆ ಯಾವಾಗ ಮಳೆ ಸುರಿಯುತ್ತದೋ ಹೇಳಲಾಗದು. ಹಾಗಾಗಿ ಅಂಗಳ ಬೇಡ, ಹಾಲ್‌ನ ನಡುವೆಯೇ ಆಗಲಿ ಎಂದು ತೀರ್ಮಾನವಾಯಿತು. ಆದರೆ ಹಾಲ್‌ನ ನಡುವೆ ಫ್ಯಾನ್ ಇರಲಿಲ್ಲ. ಮನೆ ಕಟ್ಟಿಸುವಾಗ ಅಲ್ಲಿ ಒಂದು ದೀಪವನ್ನಷ್ಟೇ ಹಾಕಿಸಿದ್ದರು. "ನನ್ನ ಮಗಳು ರೋಸ್ ದಿನ ಬೆವರಬಾರದು" ಎಂದು ಪಾಸ್ಕಲ್ ಉಡುಪಿಗೆ ಹೋಗಿ, ಐದು ರೆಕ್ಕೆಯ, ನಡುವೆ ದೀಪದ ಗೊಂಚಲಿರುವ ಫ್ಯಾನನ್ನು ತಂದೇಬಿಟ್ಟರು. ರಿಕ್ಷಾದಿಂದ ಇಳಿಸುವಾಗ ಅವರಿಗೂ ರಿಕ್ಷಾದವನಿಗೂ ಏದುಸಿರು ಬಂತು.

ಪಕ್ಕದ ಮನೆಯ ಸೌಮ್ಯಶ್ರೀ ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವಳು. ಎರವಲು ಪಡೆದಿದ್ದ ಇಡ್ಲಿ ಪಾತ್ರೆ ಹಿಂದಿರುಗಿಸಲು ಬಂದವಳು ಫ್ಯಾನ್ ಕಂಡು ನಿಂತಳು.

"ಪಾಸ್ಕಲಣ್ಣ, ಇದನ್ನು ಎಲ್ಲಿ ಹಾಕುವುದು?"

"ಅಲ್ಲೇ, ದೀಪದ ಜಾಗದಲ್ಲಿ."

"ಅಲ್ಲಿ ಫ್ಯಾನ್ ಬಾಕ್ಸ್ ಉಂಟಾ?"

ಪಾಸ್ಕಲ್ ತಲೆ ಎತ್ತಿದರು. ದೀಪದ ಬುಡದಲ್ಲಿ ಬಿಳಿಯ ದುಂಡು ಮುಚ್ಚಳ ಕಂಡಿತು. "ಉಂಟು" ಎಂದರು.

ನಮ್ಮ ಕಡೆಯ ಈ "ಉಂಟು" ಇದೆಯಲ್ಲ, ಬಹಳ ಧಾರಾಳಿ. ಊಟ ಉಂಟಾ ಎಂದರೆ ಉಂಟು, ಬಸ್ ಉಂಟಾ ಎಂದರೂ ಉಂಟು. ಎಷ್ಟು, ಎಲ್ಲಿಗೆ ಎಂದು ಕೇಳದಿದ್ದರೆ ಹಸಿದುಕೊಂಡು ಕಾರ್ಕಳಕ್ಕೆ ಹೋಗಿ ಇಳಿಯಬೇಕಾದೀತು.

ಸೌಮ್ಯಶ್ರೀ ಬಿಡಲಿಲ್ಲ. "ಬಾಕ್ಸ್ ಉಂಟು, ಸರಿ. ಹುಕ್ ಉಂಟಾ?"

"ಎಂತ ಮಾರಾಯ್ತಿ ನಿನ್ನದು! ಇಷ್ಟು ವರ್ಷ ದೀಪ ನೇತಾಡಿಲ್ವಾ ಅದರಲ್ಲಿ? ನಾನು ಬಹರೈನ್‌ನಲ್ಲಿ ಇದ್ದವನು. ಅಲ್ಲಿ ಫ್ಯಾನ್‌ಗೆ ಇಷ್ಟೆಲ್ಲ ಶಾಸ್ತ್ರ ಇಲ್ಲ."

"ಅಲ್ಲಿ ಫ್ಯಾನ್ ಇತ್ತಾ?" ಅಡುಗೆಮನೆಯಿಂದ ಹೆಂಡತಿ ಗ್ಲ್ಯಾಡಿಸ್ ಕೇಳಿದರು.

"ಅಲ್ಲಿ ಎಲ್ಲ ಎ.ಸಿ."

ಗ್ಲ್ಯಾಡಿಸ್ ಒಗ್ಗರಣೆಗೆ ಸಾಸಿವೆ ಹಾಕಿದರು. ಅದು ಎಂದಿಗಿಂತ ಜೋರಾಗಿ ಸಿಡಿಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಬೇರೆ ಊರಿನ ಮಕ್ಕಳೆಲ್ಲ ಸೌಮ್ಯಶ್ರೀ ಹೇಳಿದ್ದನ್ನು ಬರೆದುಕೊಂಡು ಪಾಸಾಗುತ್ತಿದ್ದರು. ಪಾಸ್ಕಲರಿಗೆ ಮಾತ್ರ ಅವಳು ಬೇಲಿಯಾಚೆಯ ಹುಡುಗಿ. ಆದರೂ ಅವಳ ಒತ್ತಾಯಕ್ಕೆ ಮೇನ್ ಸ್ವಿಚ್ ಆಫ್ ಮಾಡಿ, ಏಣಿ ಹತ್ತಿ, ದೀಪ ಇಳಿಸಿ ಮುಚ್ಚಳ ಬಿಚ್ಚಿದರು. ಒಳಗಿದ್ದದ್ದು ಕೈಮುಷ್ಟಿಯಷ್ಟರ ಪ್ಲಾಸ್ಟಿಕ್ ಡಬ್ಬಿ, ಅದರ ಅಂಚಿನ ಎರಡು ಕಿವಿಗಳಲ್ಲಿ ಎರಡು ಸಣ್ಣ ಸ್ಕ್ರೂ.

"ನೋಡಿ, ಇದು ದೀಪದ ಬಾಕ್ಸ್" ಎಂದಳು ಸೌಮ್ಯಶ್ರೀ. "ಫ್ಯಾನ್ ಬಾಕ್ಸ್ ಆದರೆ ಕಬ್ಬಿಣದ್ದು. ಒಳಗೆ ಫ್ಯಾನ್ ಸಿಕ್ಕಿಸುವ ದಪ್ಪದ ರಾಡ್ ಇರ್ತದೆ, ಅದೇ ಹುಕ್. ಸ್ಲ್ಯಾಬ್ ಹಾಕುವಾಗಲೇ ಅದನ್ನು ಒಳಗಿನ ಸರಳಿಗೆ ಕಟ್ಟಿ ಕಾಂಕ್ರೀಟ್ ತುಂಬಿರ್ತಾರೆ. ಮುಚ್ಚಳ ಹಾಕಿದರೆ ಎರಡೂ ಒಂದೇ ಹಾಗೆ ಕಾಣ್ತದೆ. ಇದರಲ್ಲಿ ಫ್ಯಾನ್ ಹಾಕಬೇಡಿ, ಪಾಸ್ಕಲಣ್ಣ."

ಮಗಳ ಮದುವೆಯ ಹೊತ್ತಿಗೆ ಸ್ಲ್ಯಾಬ್ ಕೊರೆಸಿ ಧೂಳೆಬ್ಬಿಸುವುದು ಪಾಸ್ಕಲರಿಗೆ ಬೇಕಿರಲಿಲ್ಲ. ಒಂದು ಕಬ್ಬಿಣದ ಪಟ್ಟಿಗೆ ಕೊಕ್ಕೆ ಸಿಕ್ಕಿಸಿ, ಪಟ್ಟಿಯನ್ನು ಆ ಎರಡು ಕಿವಿಗಳಿಗೇ ಬಿಗಿದರು. ಆಮೇಲೆ ಅವರ ಕಣ್ಣು ಮೂಲೆಯಲ್ಲಿದ್ದ ಹಲಸಿನ ಹಣ್ಣಿನ ಮೇಲೆ ಬಿತ್ತು. ಅಲೆವೂರಿನ ಅಕ್ಕ ಕಳಿಸಿದ್ದ, ಮೆತ್ತನೆಯ ತೊಳೆಯ ತುಳುವ ಹಲಸು. ಪೂರ್ತಿ ಹಣ್ಣಾಗಿ, ಮುಟ್ಟಿದರೆ ಮೆತ್ತಗಾಗುವಷ್ಟು ಕಳಿತಿತ್ತು.

"ಫ್ಯಾನಿನಷ್ಟೇ ತೂಕ ಉಂಟು. ಇದು ನಿಂತರೆ ಫ್ಯಾನೂ ನಿಲ್ತದೆ. ಆಮೇಲೆ ನೀನು ಬಾಯಿ ಮುಚ್ಚಬೇಕು, ಆಯ್ತಾ?"

ಸೌಮ್ಯಶ್ರೀ ಬೇಡವೆಂದಳು, ಗ್ಲ್ಯಾಡಿಸ್ ಗದರಿದರು. ಪಾಸ್ಕಲ್ ಹಗ್ಗ ಕಟ್ಟಿಯಾಗಿತ್ತು. ಕೆಳಗೆ, ಹಾಲ್‌ನ ನಡುವಿನ ರೋಸ್ ಕುರ್ಚಿಯಲ್ಲಿ ಟೀನಾ ಕೂತು ಮೊಬೈಲ್ ನೋಡುತ್ತಿದ್ದಳು. ಸೌಮ್ಯಶ್ರೀ ಅವಳ ಕೈ ಹಿಡಿದು ಎಳೆದು ಗೋಡೆಯ ಬದಿಗೆ ನಿಲ್ಲಿಸಿದಳು.

ಹಲಸು ನೇತಾಡಿತು. ಬೀಳಲಿಲ್ಲ. ಪಾಸ್ಕಲ್ ಏಣಿಯಿಂದ ಇಳಿದು, ಪಂಚೆ ಕೊಡವಿಕೊಂಡು, ಚುನಾವಣೆ ಗೆದ್ದವರ ಹಾಗೆ ಎಲ್ಲರನ್ನೂ ನೋಡಿದರು.

"ಈಗ ಹೇಳು. ತಾಕತ್ತು ಉಂಟಾ ಇಲ್ವಾ?"

"ಹಲಸು ಸುಮ್ಮನೆ ಇರ್ತದೆ, ಪಾಸ್ಕಲಣ್ಣ. ಫ್ಯಾನ್ ಸುಮ್ಮನೆ ಇರ್ತದಾ? ತಿರುಗ್ತದೆ, ನಡುಗ್ತದೆ. ದಿನಾ ಸ್ವಲ್ಪ ಸ್ವಲ್ಪ ಆ ಸ್ಕ್ರೂವನ್ನು ಅಲ್ಲಾಡಿಸ್ತದೆ."

"ತಿರುಗಬೇಕಾ? ತಿರುಗಿಸುವ!"

ಅವರು ಜೇಡರ ಬಲೆ ತೆಗೆಯುವ ಉದ್ದದ ಕೋಲು ತಂದು ಹಲಸಿಗೆ ಒಂದು ತಳ್ಳು ಕೊಟ್ಟರು. ಹಲಸು ಒಂದು ಸುತ್ತು ತಿರುಗಿತು. ಎರಡನೆಯ ತಳ್ಳಿಗೆ ತೂಗಿತು. ಮೇಲಿನಿಂದ ಟಿಕ್ ಎಂದು ಸಣ್ಣ ಸದ್ದು ಬಂತು, ಪ್ಲಾಸ್ಟಿಕ್ ಕಿವಿ ಹರಿದ ಸದ್ದು. ಅಷ್ಟರಲ್ಲಿ ಪಟ್ಟಿ, ಕೊಕ್ಕೆ, ಹಗ್ಗ, ಹಲಸು ಎಲ್ಲವೂ ಒಟ್ಟಿಗೆ ಕೆಳಗೆ!

"ಸಾಯ್ಬಾ ಭೊಗೊಸ್!" ಎಂದು ಗ್ಲ್ಯಾಡಿಸ್ ದೇವರನ್ನು ಕೂಗಿ ಶಿಲುಬೆಯ ಗುರುತು ಹಾಕಿಕೊಂಡರು.

ಧೂಳು ಇಳಿದ ಮೇಲೆ ನೋಡಿದರೆ, ಹಲಸು ಒಡೆದು ಗೋಡೆಗೆ, ಸೋಫಾಕ್ಕೆ ಹಾರಿತ್ತು. ಅರ್ಧಕ್ಕರ್ಧ ಪಾಸ್ಕಲರ ಮೈಮೇಲೇ ಇತ್ತು. ನೆತ್ತಿಯಿಂದ ರಸ ಇಳಿಯುತ್ತಿತ್ತು, ಮೀಸೆಗೆ ಮೇಣ ಅಂಟಿತ್ತು, ಕಿವಿಯ ಮೇಲೊಂದು ತೊಳೆ.

"ಪಪ್ಪಾ," ಎಂದಳು ಟೀನಾ, "ರೋಸ್ ನನಗಲ್ವಾ?"

ಎಲ್ಲರೂ ನಕ್ಕರು. ನಗುತ್ತಾ ನಗುತ್ತಾ ಪಾಸ್ಕಲ್ ಕುರ್ಚಿಯ ಕಡೆ ನೋಡಿದರು. ನಗು ಅಲ್ಲಿಗೇ ನಿಂತಿತು. ಕುರ್ಚಿಯ ಬೆನ್ನು ಎರಡು ತುಂಡಾಗಿ ಬಿದ್ದಿತ್ತು. ಸೀಟು ಬಿರುಕು ಬಿಟ್ಟಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ಕೂತಿದ್ದವಳು ಅವರ ಮಗಳು. ರೋಸ್ ದಿನ ಕೂರಬೇಕಾದವಳೂ ಅವಳೇ, ಮೇಲೆ ಹಲಸಲ್ಲ, ತಿರುಗುವ ಕಬ್ಬಿಣ. ಪಾಸ್ಕಲ್ ಗೋಡೆಯ ಬದಿಗೆ ಧಾವಿಸಿದರು. ಅಂಟು ಕೈಯಿಂದಲೇ ಮಗಳ ತಲೆ ಮುಟ್ಟಿ ನೋಡಿದರು. ತಲೆಗೆ ಬಂದದ್ದು ಕುರ್ಚಿಗೆ ಹೋಗಿತ್ತು. ಅವರಿಗೆ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ.

"ಸೌಮ್ಯಾ," ಎಂದರು, "ಈಗ ಎಂತ ಮಾಡುವ, ನೀನೇ ಹೇಳು."

"ಮೊದಲು ತೆಂಗಿನೆಣ್ಣೆ ಹಚ್ಚಿ ಮೇಣ ತೆಗೆಯಿರಿ. ಆಮೇಲೆ ಜೋಯಲ್‌ಗೆ ಫೋನ್ ಮಾಡಿ" ಎಂದಳು ಅವಳು.

ಮರುದಿನ ಎಲೆಕ್ಟ್ರಿಷಿಯನ್ ಜೋಯಲ್ ಬಂದ. ವಯರ್ ಮತ್ತು ಸರಳಿಗೆ ತಾಗದ ಜಾಗ ನೋಡಿ ಗಟ್ಟಿ ಸ್ಲ್ಯಾಬ್ ಕೊರೆದು, ಕಾಂಕ್ರೀಟನ್ನು ಒಳಗಿನಿಂದಲೇ ಬಿಗಿಹಿಡಿಯುವ ಆ್ಯಂಕರ್ ಬೋಲ್ಟ್‌ನ ಹುಕ್ ಕೂರಿಸಿದ. ಅದು ಫ್ಯಾನಿನ ತೂಕಕ್ಕೆ ಆಗುವಂಥದ್ದೇ ಎಂದು ಪಾಸ್ಕಲರಿಗೆ ತೋರಿಸಿದ. ಫ್ಯಾನ್ ಸಿಕ್ಕಿಸಿ, ಅದರ ಬೋಲ್ಟ್ ಕಳಚದ ಹಾಗೆ ಪಿನ್ ಹಾಕಿದ, ಬಿದ್ದರೂ ಹಿಡಿಯುವ ಹಾಗೆ ಉಕ್ಕಿನ ತಂತಿಯನ್ನೂ ಸುತ್ತಿದ. ಮನೆ ತುಂಬ ಧೂಳಾಯಿತು. ಗ್ಲ್ಯಾಡಿಸ್ ಎರಡೆರಡು ಸಲ ಗುಡಿಸಿದರು.

ರೋಸ್ ದಿನ ಸಂಜೆ ಜೋರು ಮಳೆ ಬಂತು. ಟೀನಾ ಹೊಸ ಕುರ್ಚಿಯಲ್ಲಿ ಕೂತಳು. ಮೇಲೆ ಫ್ಯಾನ್ ತಣ್ಣಗೆ ತಿರುಗಿತು, ಒಂದಿಷ್ಟೂ ನಡುಗಲಿಲ್ಲ. ಮಗಳ ತಲೆಗೆ ಮೊದಲು ತೆಂಗಿನಹಾಲು ಹಚ್ಚುವ ಮುಂಚೆ ಪಾಸ್ಕಲ್ ಒಮ್ಮೆ ಮೇಲೆ ನೋಡಿದರು. ಈಗ ಅವರು ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮುಂಚೆ ತಲೆ ಎತ್ತಿ, "ಹುಕ್ ಉಂಟಾ?" ಎಂದು ಕೇಳುತ್ತಾರೆ. ಜನ ನಗುತ್ತಾರೆ. ನಗಲಿ ಬಿಡಿ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವೂ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಫ್ಯಾನ್ ಯಾವುದರಿಂದ ನೇತಾಡುತ್ತಿದೆ? ದೀಪದ ಬಾಕ್ಸಿನಿಂದಲೋ, ಜಿಪ್ಸಮ್ ಸೀಲಿಂಗ್‌ನಿಂದಲೋ ನೇತಾಡುತ್ತಿದ್ದರೆ ಇವತ್ತೇ ಸ್ವಿಚ್ ಆಫ್ ಮಾಡಿ, ಕೆಲಸ ಬಲ್ಲವರನ್ನು ಕರೆಸಿ. ಕಾಪುವಿನ ಹಾಗೆ ಕಡಲ ಬದಿಯಲ್ಲಿ ಮನೆ ಇದ್ದರೆ ಹಳೆಯ ಹುಕ್ಕನ್ನೂ ನೋಡಿಸಿ, ಉಪ್ಪುಗಾಳಿಗೆ ಕಬ್ಬಿಣ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಫ್ಯಾನ್ ಅಲ್ಲಾಡಿದರೆ, ಸದ್ದು ಮಾಡಿದರೆ ನಾಳೆಗೆ ಬಿಡಬೇಡಿ. ಪಾಸ್ಕಲರ ಹಾಗೆ ನೀವೇ ಪರೀಕ್ಷೆ ಮಾಡಲು ಹೋಗಬೇಡಿ. ಹಲಸನ್ನು ಬಿಡಿಸಿಕೊಂಡು ತಿನ್ನಿ.

ಬಾಕ್ಸ್ ಉಂಟು ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ. ಹುಕ್ ಉಂಟಾ ಎಂದು ಕೇಳಿ. ಆ ಕುರ್ಚಿಯಲ್ಲಿ ಕೂರುವವರು ನಿಮ್ಮ ಮನೆಯವರೇ.